ಒಂದು ಫೈಲಿಗೆ ಅಪ್ಪಣೆ, ಎಲ್ಲಕ್ಕೂ ಅಲ್ಲ

ನನಗೆ ಪರಿಚಯವಿರುವ ಒಂದು ಡಿಟಿಪಿ ಅಂಗಡಿ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಹಳೆಯ ಪುಟಗಳನ್ನು ಯೂನಿಕೋಡಿಗೆ ತಿರುಗಿಸುವ ಪುಟ್ಟ ಕನ್ವರ್ಟರ್ ಒಂದನ್ನು ಹಾಕಿಕೊಳ್ಳಲು ಹೋದಾಗ ಪರದೆಯ ಮೇಲೆ ನೀಲಿ ಎಚ್ಚರಿಕೆ ಬಂದು ನಿಂತಿತು. ಪಕ್ಕದ ಅಂಗಡಿಯ ಹುಡುಗ ಬಂದು, ಎಚ್ಚರಿಸಿದ ವಿಂಡೋಸಿನ ಸ್ಮಾರ್ಟ್‌ಸ್ಕ್ರೀನನ್ನೇ ಆಫ್ ಮಾಡಿ ಕೊಟ್ಟುಹೋದ. ಕನ್ವರ್ಟರ್ ಕೆಲಸ ಮಾಡಿತು. ಆದರೆ ಸ್ಮಾರ್ಟ್‌ಸ್ಕ್ರೀನ್ ತಿಂಗಳುಗಟ್ಟಲೆ ಆಫ್ ಆಗಿಯೇ ಉಳಿಯಿತು. ಹುಡುಗನ ಉದ್ದೇಶ ಒಳ್ಳೆಯದೇ. ಒಂದು ತಂತ್ರಾಂಶಕ್ಕಾಗಿ ಕಾವಲನ್ನೇ ಆಫ್ ಮಾಡಬೇಕೆಂದು ಅವನು ನಂಬಿಕೊಂಡಿದ್ದು ತಪ್ಪಾಗಿತ್ತು. ಅಂಥ ನಂಬಿಕೆಗಳು ಇನ್ನೂ ಇವೆ.

ತಪ್ಪು ಕಲ್ಪನೆ: ಎಚ್ಚರಿಕೆ ಬಂದರೆ ಆ ಫೈಲಿನಲ್ಲಿ ವೈರಸ್ ಇದೆ ಎಂದೇ ಅರ್ಥ.

ವಾಸ್ತವ: ಹೆಚ್ಚಿನ ಸಲ ಕಂಪ್ಯೂಟರ್ ಹೇಳುತ್ತಿರುವುದು "ಇದು ಯಾರೆಂದು ನನಗೆ ಗೊತ್ತಿಲ್ಲ" ಎಂದಷ್ಟೇ. 2012ರಲ್ಲಿ ವಿಂಡೋಸ್ 8ರ ಜೊತೆ ವ್ಯವಸ್ಥೆಯೊಳಗೇ ಸೇರಿಕೊಂಡ ಸ್ಮಾರ್ಟ್‌ಸ್ಕ್ರೀನ್, ಗೊತ್ತಿರುವ ಕೇಡಿನ ಫೈಲುಗಳನ್ನು ತಡೆಯುವುದರ ಜೊತೆಗೆ ಫೈಲಿನ ಪರಿಚಯವನ್ನೂ ಕೇಳುತ್ತದೆ. ಇದನ್ನು ಎಷ್ಟು ಜನ ಇಳಿಸಿಕೊಂಡಿದ್ದಾರೆ, ಯಾರ ಡಿಜಿಟಲ್ ಸಹಿ ಇದೆ ಎಂದು ನೋಡುತ್ತದೆ. ಕನ್ನಡಕ್ಕಾಗಿ ಒಬ್ಬಿಬ್ಬರು ಬಿಡುವಿನ ವೇಳೆಯಲ್ಲಿ ಬರೆದ ತಂತ್ರಾಂಶಕ್ಕೆ ಲಕ್ಷಾಂತರ ಬಳಕೆದಾರರು ಎಲ್ಲಿಂದ ಬರಬೇಕು? ಅದು ಒಳ್ಳೆಯದೇ ಆಗಿದ್ದರೂ ಬಾಗಿಲಲ್ಲಿ ನಿಲ್ಲುತ್ತದೆ.

ಮ್ಯಾಕ್‌ನಲ್ಲೂ ಹೀಗೆಯೇ. ಅಲ್ಲಿನ ಗೇಟ್‌ಕೀಪರ್ ಕೂಡ 2012ರದ್ದು. 2019ರ ಮ್ಯಾಕ್ ಆವೃತ್ತಿ ಕ್ಯಾಟಲಿನಾದಿಂದೀಚೆಗೆ ಹೊಸ ತಂತ್ರಾಂಶವನ್ನು ಮೊದಲು ಆ್ಯಪಲ್‌ಗೆ ಕಳಿಸಿ ತಪಾಸಣೆ ಮಾಡಿಸಬೇಕು, ಅದಕ್ಕೆ ವರ್ಷಕ್ಕೆ 99 ಡಾಲರಿನ ಸದಸ್ಯತ್ವ ಬೇಕು. ಉಚಿತವಾಗಿ ಹಂಚುವವರೆಲ್ಲ ಆ ಹಣ ಕಟ್ಟಲಾರರು.

ಆದ್ದರಿಂದ ಎಚ್ಚರಿಕೆಯ ಮಾತನ್ನು ಪೂರ್ತಿ ಓದಿ. "ತಯಾರಕರನ್ನು ಗುರುತಿಸಲಾಗಲಿಲ್ಲ" ಎಂಬುದು ಒಂದು, "ಇದು ನಿಮ್ಮ ಕಂಪ್ಯೂಟರಿಗೆ ಹಾನಿ ಮಾಡುತ್ತದೆ" ಎಂಬುದು ಇನ್ನೊಂದು. ಎರಡನೆಯದು ಬಂದರೆ, ಅಥವಾ ಆ್ಯಂಟಿವೈರಸ್ ನಿರ್ದಿಷ್ಟ ಹೆಸರು ಹಿಡಿದು ಹೇಳಿದರೆ, ಅಲ್ಲಿಗೇ ನಿಲ್ಲಿಸಿ.

ತಪ್ಪು ಕಲ್ಪನೆ: ಆ ಒಂದು ತಂತ್ರಾಂಶಕ್ಕಾಗಿ ಸೆಕ್ಯುರಿಟಿಯನ್ನೇ ಆಫ್ ಮಾಡಬೇಕು.

ವಾಸ್ತವ: ಅತಿ ಹೆಚ್ಚು ಹಾನಿ ಮಾಡಿದ ನಂಬಿಕೆ ಇದೇ ಎಂದು ನನಗನ್ನಿಸುತ್ತದೆ. 2015ರಲ್ಲಿ ಚೀನಾದಲ್ಲಿ ನಡೆದದ್ದನ್ನು ನೋಡಿ. ಐಫೋನ್ ಆ್ಯಪ್‌ಗಳನ್ನು ಬರೆಯಲು ಬೇಕಾದ ಎಕ್ಸ್‌ಕೋಡ್ ಬಹಳ ದೊಡ್ಡ ಫೈಲು, ಆ್ಯಪಲ್‌ನ ಸರ್ವರಿನಿಂದ ಅಲ್ಲಿ ತುಂಬ ನಿಧಾನವಾಗಿ ಇಳಿಯುತ್ತಿತ್ತು. ಹಲವು ಪ್ರೋಗ್ರಾಮರುಗಳು ಯಾರೋ ಬೈದು ಕ್ಲೌಡ್‌ನಲ್ಲಿ ಇಟ್ಟಿದ್ದ ಪ್ರತಿಯನ್ನು ತೆಗೆದುಕೊಂಡರು. ಅದು ತಿದ್ದಿದ ಪ್ರತಿ. ಗೇಟ್‌ಕೀಪರ್ ಅದನ್ನು ತಡೆಯುತ್ತಿತ್ತು, ಇವರು ಆಫ್ ಮಾಡಿದ್ದರು. ಆ ಎಕ್ಸ್‌ಕೋಡ್‌ನಲ್ಲಿ ತಯಾರಾದ ಆ್ಯಪ್‌ಗಳಿಗೆಲ್ಲ ಕಳ್ಳ ಕೋಡ್ ಸೇರಿ, ವೀಚಾಟ್‌ನಂಥ ಆ್ಯಪ್ ಕೂಡ ಸೋಂಕಿಗೆ ಸಿಕ್ಕಿತು. ಎಕ್ಸ್‌ಕೋಡ್‌ಗೋಸ್ಟ್ ಎಂದು ಹೆಸರಾದ ಈ ಪ್ರಕರಣದಲ್ಲಿ ಎಡವಿದವರು ಕಂಪ್ಯೂಟರ್ ಅರಿಯದವರಲ್ಲ, ಅದರಲ್ಲೇ ಅನ್ನ ಕಂಡವರು.

ಕಾವಲನ್ನು ಆಫ್ ಮಾಡದೆ ಒಂದೇ ಫೈಲಿಗೆ ಅಪ್ಪಣೆ ಕೊಡುವ ದಾರಿ ವಿಂಡೋಸ್, ಮ್ಯಾಕ್ ಎರಡರಲ್ಲೂ ಇದೆ. ಅಂತರ್ಜಾಲದಿಂದ ಬಂದ ಫೈಲಿನ ಮೇಲೆ ವಿಂಡೋಸ್ ಒಂದು ಗುರುತು ಹಾಕಿಟ್ಟಿರುತ್ತದೆ. ಫೈಲಿನ ಪ್ರಾಪರ್ಟೀಸ್ ತೆರೆದು "ಅನ್‌ಬ್ಲಾಕ್" ಒತ್ತಿದರೆ ಆ ಗುರುತು ಹೋಗುತ್ತದೆ; ಇಲ್ಲವೇ ನೀಲಿ ಪರದೆಯಲ್ಲಿ "ಮೋರ್ ಇನ್ಫೋ" ಒತ್ತಿದರೆ "ರನ್ ಎನಿವೇ" ಕಾಣುತ್ತದೆ. ಮ್ಯಾಕ್‌ನಲ್ಲಿ ಹಿಂದೆ ಕಂಟ್ರೋಲ್ ಕೀ ಒತ್ತಿ ಕ್ಲಿಕ್ ಮಾಡಿ ತೆರೆಯಬಹುದಿತ್ತು. 2024ರ ಸಿಕ್ವೊಯಾ ಆವೃತ್ತಿಯಲ್ಲಿ ಆ ಸುಲಭದ ದಾರಿ ಮುಚ್ಚಿದೆ. ಈಗ ಒಮ್ಮೆ ತೆರೆಯಲು ಪ್ರಯತ್ನಿಸಿ, ಸಿಸ್ಟಮ್ ಸೆಟ್ಟಿಂಗ್ಸ್‌ನ "ಪ್ರೈವಸಿ ಆ್ಯಂಡ್ ಸೆಕ್ಯುರಿಟಿ"ಗೆ ಹೋಗಿ "ಓಪನ್ ಎನಿವೇ" ಒತ್ತಬೇಕು. ಆ ಗುಂಡಿ ಸುಮಾರು ಒಂದು ಗಂಟೆ ಮಾತ್ರ ಅಲ್ಲಿರುತ್ತದೆ.

ತಪ್ಪು ಕಲ್ಪನೆ: ಡಿಜಿಟಲ್ ಸಹಿ ಇದ್ದರೆ ಚಿಂತೆಯಿಲ್ಲ.

ವಾಸ್ತವ: ಸಹಿ ಹೇಳುವುದು ಎರಡೇ ಮಾತು: ಯಾರು ಕಳಿಸಿದರು, ಸಹಿಯಾದ ಮೇಲೆ ಯಾರೂ ತಿದ್ದಿಲ್ಲ. ಒಳಗೇನಿದೆ ಎಂಬುದಕ್ಕೆ ಅದು ಜಾಮೀನಲ್ಲ. 2010ರಲ್ಲಿ ಬಯಲಾದ ಸ್ಟಕ್ಸ್‌ನೆಟ್ ಎಂಬ ವರ್ಮ್, ತೈವಾನಿನ ಎರಡು ಕಂಪನಿಗಳಿಂದ ಕದ್ದ ಸರ್ಟಿಫಿಕೇಟುಗಳ ಸಹಿ ಹೊತ್ತಿತ್ತು. 2017ರಲ್ಲಿ ಸಿಕ್ಲೀನರ್ ಎಂಬ ಕಂಪ್ಯೂಟರ್ ಶುಚಿಗೊಳಿಸುವ ತಂತ್ರಾಂಶದ 5.33ನೆಯ ಆವೃತ್ತಿಗೆ ತಯಾರಿಯ ಹಂತದಲ್ಲೇ ಕೇಡಿನ ಕೋಡ್ ಸೇರಿಕೊಂಡು, ಕಂಪನಿಯ ಅಸಲಿ ಸಹಿಯೊಂದಿಗೇ ಸುಮಾರು 23 ಲಕ್ಷ ಕಂಪ್ಯೂಟರುಗಳನ್ನು ತಲುಪಿತು.

ತಪ್ಪು ಕಲ್ಪನೆ: ಅಸಲಿ ವೆಬ್‌ಸೈಟಿನಿಂದಲೇ ಇಳಿಸಿಕೊಂಡೆ, ಇನ್ನೇನು?

ವಾಸ್ತವ: ಅದು ಅಗತ್ಯ, ಆದರೆ ಅಷ್ಟೇ ಸಾಲದು. 2017ರ ಮೇ ತಿಂಗಳಲ್ಲಿ ಹ್ಯಾಂಡ್‌ಬ್ರೇಕ್ ಎಂಬ ವಿಡಿಯೊ ತಂತ್ರಾಂಶದ ಡೌನ್‌ಲೋಡ್ ಸರ್ವರುಗಳ ಪೈಕಿ ಒಂದರಲ್ಲಿ ಮ್ಯಾಕ್ ಆವೃತ್ತಿಯನ್ನು ಯಾರೋ ಬದಲಿಸಿ ಇಟ್ಟರು. ಕೆಲವು ದಿನ ಅಸಲಿ ಪುಟದಿಂದಲೇ ನಕಲಿ ಪ್ರತಿ ಹೋಯಿತು. ಹೀಗಾದಾಗ ಕೈಹಿಡಿಯುವುದು ಹ್ಯಾಶ್. ತಯಾರಕರು ಪ್ರಕಟಿಸುವ 64 ಅಕ್ಷರ-ಅಂಕಿಗಳ ಎಸ್‌ಎಚ್‌ಎ-256 ಸಾಲು ಆ ಫೈಲಿನ ಹೆಬ್ಬೆಟ್ಟಿನ ಗುರುತಿದ್ದಂತೆ. ಒಳಗೆ ಒಂದಕ್ಷರ ಬದಲಾದರೂ ಸಾಲು ಬೇರೆಯಾಗುತ್ತದೆ. ವಿಂಡೋಸ್‌ನಲ್ಲಿ ಸರ್ಟ್‌ಯುಟಿಲ್, ಮ್ಯಾಕ್‌ನಲ್ಲಿ ಶಾಸಮ್ ಎಂಬ ಕಮಾಂಡಿನಿಂದ ನಿಮ್ಮ ಫೈಲಿನ ಹ್ಯಾಶ್ ತೆಗೆದು ಹೋಲಿಸಬಹುದು. ಸಾಧ್ಯವಾದರೆ ಆ ಸಾಲನ್ನು ತಯಾರಕರು ಹಾಕಿರುವ ಇನ್ನೊಂದು ಜಾಗದಿಂದ ನೋಡಿ. ಫೈಲು ಬದಲಿಸಿದವನು ಪಕ್ಕದಲ್ಲಿರುವ ಸಾಲನ್ನೂ ಬದಲಿಸಿರಬಹುದು.

ತಪ್ಪು ಕಲ್ಪನೆ: ಕ್ರ್ಯಾಕ್ ಹಾಕುವಾಗ ಆ್ಯಂಟಿವೈರಸ್ ಸುಮ್ಮನೆ ಕೂಗುತ್ತದೆ.

ವಾಸ್ತವ: "ಮೊದಲು ಆ್ಯಂಟಿವೈರಸ್ ಆಫ್ ಮಾಡಿ" ಎಂದು ಬರೆದು ಕೊಡುವವನಿಗೆ ಅದು ಆಫ್ ಆಗಿರುವುದೇ ಬೇಕು. ಸ್ಟಾಪ್ ಎಂಬ ರ್‍ಯಾನ್ಸಮ್‌ವೇರ್ ಮುಖ್ಯವಾಗಿ ಹರಡಿದ್ದು ಕ್ರ್ಯಾಕ್, ಕೀಜೆನ್‌ಗಳ ಮೂಲಕ. ಅದು ಹೊಕ್ಕರೆ ಫೋಟೊ, ಪುಸ್ತಕದ ಪುಟ, ಲೆಕ್ಕದ ಹಾಳೆ ಎಲ್ಲಕ್ಕೂ ಬೀಗ. ಕದ್ದ ಫೋಟೋಶಾಪ್ ಮೇಲೆ ನಡೆಯುವ ಡಿಟಿಪಿ ಅಂಗಡಿಗಳಿಗೆ ಈ ಮಾತನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ತಪ್ಪು ಕಲ್ಪನೆ: ಕಚೇರಿಯ ಕಂಪ್ಯೂಟರಿನ ತಡೆಯನ್ನು ಮುರಿಯುವುದು ಜಾಣತನ.

ವಾಸ್ತವ: ಅಲ್ಲಿನ ತಡೆ ಸಂಸ್ಥೆಯ ನಿರ್ಧಾರ. ಐಟಿ ವಿಭಾಗದವರನ್ನು ಕೇಳಿ ಹಾಕಿಸಿಕೊಳ್ಳಿ.

ಹಿಂದೆಂದೋ ಯಾರೋ ನಿಮ್ಮ ವಿಂಡೋಸ್ ಕಂಪ್ಯೂಟರಿನಲ್ಲೂ "ಸೆಟ್ಟಿಂಗ್ ಸರಿ ಮಾಡಿ" ಹೋಗಿರಬಹುದು. ದಯವಿಟ್ಟು ಇವತ್ತೇ ವಿಂಡೋಸ್ ಸೆಕ್ಯುರಿಟಿ ತೆರೆಯಿರಿ, "ಆ್ಯಪ್ ಆ್ಯಂಡ್ ಬ್ರೌಸರ್ ಕಂಟ್ರೋಲ್"ಗೆ ಹೋಗಿ, ಸ್ಮಾರ್ಟ್‌ಸ್ಕ್ರೀನ್ ಆಫ್ ಆಗಿದ್ದರೆ ಆನ್ ಮಾಡಿ. ಈಗಾಗಲೇ ಹಾಕಿಕೊಂಡಿರುವ ನಿಮ್ಮ ಕನ್ವರ್ಟರ್ ಅದರಿಂದ ಅಳಿಸಿಹೋಗುವುದಿಲ್ಲ.