ಬೋರ್ಡು ಅದೇ, ಬಸ್ಸು ಬೇರೆ

ಹುಕ್ಕೇರಿ ತಾಲ್ಲೂಕಿನ ಹತ್ತರಗಿ ಗೊತ್ತಲ್ಲ? ಬೆಳಗಾವಿಯಿಂದ ಕೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ಟೋಲ್ ನಾಕಾ ಬರುತ್ತದಲ್ಲ, ಅದೇ ಊರು. ಒಮ್ಮೆ ಅಲ್ಲಿ ಚಹಾ ಕುಡಿಯಲು ಕಾರು ನಿಲ್ಲಿಸಿದ್ದೆ. ಟವೆಲ್ ಹೆಗಲಿಗೆ ಹಾಕಿಕೊಂಡ ಹಿರಿಯರೊಬ್ಬರು ನನ್ನ ಮುಖ ಎರಡು ಸಲ ನೋಡಿ ಹತ್ತಿರ ಬಂದರು.

‘ಟಿವಿಯಾಗ ಬರ್ತೀರಲ್ರಿ ನೀವು? ನಿಮ್ಮ ಒಂಬತ್ತರ ಪ್ರೋಗ್ರಾಮ್ ಎಲ್ಲಿ ಹೋತ್ರಿ?’

‘ಬರ್ತದ್ರಿ ಅಜ್ಜಾರ. ಈಗ ಹತ್ತೂವರೆಗೆ ಬರ್ತದ.’

‘ಹತ್ತೂವರೆಗೆ ನಾವು ಮಲಗಿರ್ತೀವ್ರಿ. ಮುಂಜಾನೆ ಐದಕ್ಕ ಎದ್ದು ಹಾಲು ಹಿಂಡೋ ಮಂದಿ ನಾವು.’ ಚಹಾ ಒಂದು ಗುಟುಕು ಕುಡಿದು ಅವರೇ ಮುಂದುವರಿಸಿದರು. ‘ಎಂಟರ ಬಸ್ಸು ಒಂಬತ್ತೂವರೆಗೆ ಬಿಟ್ರ ಹೆಂಗ್ರಿ? ಬೋರ್ಡು ಅದೇ ಇರ್ತೈತಿ, ಡ್ರೈವರೂ ಅವನೇ ಇರ್ತಾನ. ಆದ್ರ ಸಾಲಿ ಹುಡುಗರಿಗೆ ಅದು ಬಸ್ಸಲ್ಲ.’

ನೋಡಿ, ಟಿವಿ ಉದ್ಯಮದ ಅತಿ ದೊಡ್ಡ ಸತ್ಯವನ್ನು ಆ ಅಜ್ಜ ಒಂದೇ ಮಾತಲ್ಲಿ ಹೇಳಿಬಿಟ್ಟರು. ಹಳ್ಳಿಯಲ್ಲಿ ಬಸ್ಸಿಗೆ ನಂಬರ್ ಇರುವುದಿಲ್ಲ, ಹೊತ್ತು ಇರುತ್ತದೆ. ಎಂಟರ ಬಸ್ಸು, ಸಂಜೆ ಬಸ್ಸು, ವಸ್ತಿ ಬಸ್ಸು. ಟಿವಿ ಕಾರ್ಯಕ್ರಮವೂ ಹಾಗೇ. ಅದರ ಹೆಸರು, ಸೆಟ್ಟು, ನಿರೂಪಕ ಎಲ್ಲ ಆಮೇಲೆ. ಮೊದಲು ಅದರ ಹೊತ್ತು.

ಇದೇ ಹೊತ್ತಿನ ವಿಷಯಕ್ಕೆ ಅಮೆರಿಕದಲ್ಲಿ 2010ರ ಜನವರಿಯಲ್ಲಿ ಒಂದು ಮಹಾಯುದ್ಧವೇ ನಡೆಯಿತು. ಬರೀ ಅರ್ಧ ಗಂಟೆಗಾಗಿ! ಆ ಕಥೆ ಏನು, ಅದರಲ್ಲಿ ನಮಗೇನಿದೆ? ಹೇಳ್ತೀನಿ.

ಎನ್‌ಬಿಸಿ ವಾಹಿನಿಯಲ್ಲಿ ‘ದಿ ಟುನೈಟ್ ಶೋ’ ಅಂತ ಒಂದು ಕಾರ್ಯಕ್ರಮವಿದೆ. 1954ರಿಂದ ನಡೆದುಕೊಂಡು ಬಂದದ್ದು. ಜಾನಿ ಕಾರ್ಸನ್ ಎಂಬಾತ 1962ರಿಂದ 1992ರವರೆಗೆ, ಭರ್ತಿ 30 ವರ್ಷ ಅದನ್ನು ನಡೆಸಿದರು. ಅಮೆರಿಕದ ಹಾಸ್ಯಗಾರರ ಪಾಲಿಗೆ ಅದಕ್ಕಿಂತ ದೊಡ್ಡ ಪೀಠ ಇರಲಿಲ್ಲ. ಕಾರ್ಸನ್ ನಂತರ ಅಲ್ಲಿ ಕೂತವರು ಜೇ ಲೆನೋ. ಅದೇ ವಾಹಿನಿಯಲ್ಲಿ ಅವರ ನಂತರದ ಶೋವನ್ನು, ಅಂದರೆ ರಾತ್ರಿ 12.35ರದ್ದನ್ನು, 1993ರಿಂದ ನಡೆಸುತ್ತಿದ್ದವರು ಕಾನನ್ ಓಬ್ರಿಯನ್.

2004ರಲ್ಲಿ ವಾಹಿನಿ ಒಂದು ಮಾತು ಕೊಟ್ಟಿತು: ಐದು ವರ್ಷ ತಡೆದುಕೋ ಕಾನನ್, 2009ಕ್ಕೆ ಆ ಪೀಠ ನಿನ್ನದು. ಕಾನನ್ ತಡೆದುಕೊಂಡರು. ನ್ಯೂಯಾರ್ಕ್‌ನಲ್ಲಿದ್ದ ತಂಡ ಸಂಸಾರ ಸಮೇತ ದೇಶದ ಇನ್ನೊಂದು ತುದಿಯ ಲಾಸ್ ಏಂಜಲೀಸ್‌ಗೆ ಗಂಟುಮೂಟೆ ಕಟ್ಟಿತು. 2009ರ ಜೂನ್ 1ಕ್ಕೆ ರಾತ್ರಿ 11.35ಕ್ಕೆ ಹೊಸ ಶೋ ಶುರುವಾಯಿತು.

ಇಲ್ಲಿಯವರೆಗೆ ಎಲ್ಲ ಸರಿ. ಎಡವಟ್ಟಾಗಿದ್ದು ಆಮೇಲೆ. ಲೆನೋ ಬೇರೆ ವಾಹಿನಿಗೆ ಹೋಗಿಬಿಟ್ಟರೆ ಅನ್ನೋ ಭಯ ಎನ್‌ಬಿಸಿಗೆ. ಹಾಗಾಗಿ ಅವರನ್ನೂ ಉಳಿಸಿಕೊಂಡಿತು. ಸೆಪ್ಟೆಂಬರ್‌ನಿಂದ ವಾರಕ್ಕೆ ಐದು ದಿನ ರಾತ್ರಿ 10ಕ್ಕೆ ಲೆನೋ ಶೋ. ಅಣ್ಣನಿಗೆ ಊಟ ಬಡಿಸಿದ ಮೇಲೆ ತಮ್ಮನಿಗೂ ಬಡಿಸೋಣ ಅನ್ನುವ ಲೆಕ್ಕ.

ಆ ಲೆಕ್ಕ ಯಾಕೆ ತಪ್ಪಿತು ಅಂತ ಅರ್ಥವಾಗಬೇಕಾದರೆ ಟಿವಿಯ ಒಂದು ಗುಟ್ಟು ತಿಳಿಯಬೇಕು. ನೀವು ಒಂದು ಧಾರಾವಾಹಿ ನೋಡಿ ಮುಗಿಸಿದಾಗ ರಿಮೋಟ್ ಕೈಯಲ್ಲಿದ್ದರೂ ಎಷ್ಟೋ ಸಲ ಚಾನೆಲ್ ಬದಲಿಸುವುದಿಲ್ಲ. ಮುಂದಿನದ್ದನ್ನೂ ಹಾಗೇ ನೋಡುತ್ತೀರಿ. ಕೆರೆ ತುಂಬಿದರೆ ಕೋಡಿ ಹರಿದು ಕೆಳಗಿನ ಕೆರೆಗೂ ನೀರು ಬರುತ್ತದಲ್ಲ, ಹಾಗೆ. ಮೇಲಿನ ಕೆರೆ ಬತ್ತಿದರೆ? ಲೆನೋ ಶೋಗೆ ಜನ ಕಡಿಮೆಯಾದರು. ಅದರ ಬೆನ್ನಿಗೆ 11ಕ್ಕೆ ಬರುವ ಸ್ಥಳೀಯ ಸುದ್ದಿಗೂ ಕಡಿಮೆಯಾದರು. ಎನ್‌ಬಿಸಿ ಕಾರ್ಯಕ್ರಮಗಳನ್ನು ಊರೂರಲ್ಲಿ ಪ್ರಸಾರ ಮಾಡುವ ಸ್ಥಳೀಯ ಕೇಂದ್ರಗಳು ಸಿಟ್ಟಿಗೆದ್ದವು. ಕಾನನ್ ಕೆರೆಗೂ ನೀರಿಲ್ಲ.

ಆಗ ವಾಹಿನಿ ಹುಡುಕಿದ ಉಪಾಯ ಕೇಳಿ. 11.35ಕ್ಕೆ ಲೆನೋಗೆ ಅರ್ಧ ಗಂಟೆ. ಕಾನನ್ ಟುನೈಟ್ ಶೋ 12.05ಕ್ಕೆ. ಹೆಸರು ಅದೇ, ಸೆಟ್ಟೂ ಅದೇ. ‘ಏನು ಕಳೆದುಕೊಂಡೆ, ಅರ್ಧ ಗಂಟೆ ತಾನೇ?’ ಅನ್ನೋ ಧಾಟಿ. ಕಾನನ್ ಒಪ್ಪಂದದಲ್ಲಿ ಶೋ ಹೆಸರಿತ್ತು. ಆದರೆ ಇಷ್ಟು ಗಂಟೆಗೇ ಪ್ರಸಾರವಾಗಬೇಕು ಎಂಬ ಷರತ್ತು ಇರಲಿಲ್ಲ ಅಂತ ಆಗ ಸುದ್ದಿಯಾಯಿತು. ಬೋರ್ಡು ಬರೆಸಿಕೊಂಡಿದ್ದರು, ಹೊತ್ತು ಬರೆಸಿಕೊಂಡಿರಲಿಲ್ಲ!

ಜನವರಿ 12ಕ್ಕೆ ಕಾನನ್ ಒಂದು ಬಹಿರಂಗ ಪತ್ರ ಬರೆದರು. ಸಾರಾಂಶ ಇಷ್ಟೇ: ‘ಇವತ್ತು ರಾತ್ರಿ’ ಅಂತ ಹೆಸರಿರುವ ಕಾರ್ಯಕ್ರಮ ಮರುದಿನಕ್ಕೆ ಜಾರಿದರೆ ಅದು ಆ ಕಾರ್ಯಕ್ರಮವೇ ಅಲ್ಲ. ನನ್ನ ನಂತರ ಬರುವ ಜಿಮ್ಮಿ ಫಾಲನ್ ಶೋ ಕೂಡ ಹಿಂದಕ್ಕೆ ಹೋಗುತ್ತದೆ. ಅದು ಅವನಿಗೆ ಅನ್ಯಾಯ. ಹಿರಿಯರು ಕಟ್ಟಿದ ಮನೆ ಕೆಡವುವುದಕ್ಕೆ ನಾನು ಕೈಜೋಡಿಸಲ್ಲ. ಗಮನಿಸಿ, ‘ನನಗೆ ಅವಮಾನವಾಯಿತು’ ಅಂತ ಅವರು ಮೊದಲಿಗೆ ಹೇಳಲಿಲ್ಲ. ಹಿಂದಿನವರ ಬಗ್ಗೆ, ತನ್ನ ನಂತರದವನ ಬಗ್ಗೆ ಮಾತಾಡಿದರು.

ಹಾಗಂತ ಕಾನನ್ ಸಾಧು ಸಂತನೇನಲ್ಲ. ಮುಂದಿನ ಎರಡು ವಾರ ವಾಹಿನಿಯ ಮೇಲೇ, ವಾಹಿನಿಯ ದುಡ್ಡಲ್ಲೇ, ಅದರ ಮಾನ ಹರಾಜಾಗುವಂಥ ಜೋಕುಗಳನ್ನು ಹೊಡೆದರು. ಲೆನೋ ಕೂಡ ಈ ಕಥೆಯ ಖಳನಾಯಕನಲ್ಲ ಬಿಡಿ, ಅವರನ್ನು 10 ಗಂಟೆಗೆ ಕೂರಿಸಿದ್ದೂ ವಾಹಿನಿಯೇ. ಆದರೆ ಕೊನೆಯ ದಿನ ಕಾನನ್ ಏನು ಮಾಡಿದರು ಅನ್ನೋದು ಮುಖ್ಯ.

2010ರ ಜನವರಿ 22. ಎದುರಿಗೆ ಕ್ಯಾಮೆರಾ, ಹಿಂದೆ ಏಳೇ ತಿಂಗಳಿಗೆ ಮುರಿದುಬಿದ್ದ ಜೀವಮಾನದ ಕನಸು. ಆಡಿಕೊಳ್ಳಲು ಒಳ್ಳೇ ಅವಕಾಶ. ಕಾನನ್ ವಾಹಿನಿಗೆ ಧನ್ಯವಾದ ಹೇಳಿದರು. 20 ವರ್ಷಕ್ಕೂ ಹೆಚ್ಚು ಕಾಲ ಕೆಲಸ ಕೊಟ್ಟದ್ದನ್ನು ನೆನೆದರು. ಆಮೇಲೆ ಹುಡುಗರಿಗೆ ಒಂದು ಕಿವಿಮಾತು: ಸಿನಿಕರಾಗಬೇಡಿ, ಜೀವನದಲ್ಲಿ ಅಂದುಕೊಂಡದ್ದೇ ಎಲ್ಲರಿಗೂ ಸಿಗುವುದಿಲ್ಲ, ಕಷ್ಟಪಟ್ಟು ದುಡಿಯಿರಿ, ಒಳ್ಳೆಯವರಾಗಿರಿ.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡುತ್ತದೆ. ಹೊರಹೋಗುವಾಗಿನ ಒಪ್ಪಂದದ ಮೊತ್ತ ಸುಮಾರು 4.5 ಕೋಟಿ ಡಾಲರ್ ಅಂತ ವರದಿಯಾಯಿತು. ಅದರಲ್ಲಿ ಸುಮಾರು 1.2 ಕೋಟಿ ಡಾಲರ್ ಕಾನನ್‌ಗಲ್ಲ, ಅವರನ್ನು ನಂಬಿ ಊರು ಬಿಟ್ಟು ಬಂದಿದ್ದ ಸಿಬ್ಬಂದಿಗೆ. ಬೆಳಕು ಹಿಡಿಯುವವರಿಗೆ, ಬರೆಯುವವರಿಗೆ, ಓಡಾಡುವ ಹುಡುಗರಿಗೆ.

ಇದು ಯಾಕೆ ಕಾಡುತ್ತದೆ? ನನ್ನದೊಂದು ತಪ್ಪಿದೆ, ಅದಕ್ಕೆ.

ಒಂಬತ್ತರಿಂದ ಹತ್ತೂವರೆಗೆ ನನ್ನ ಕಾರ್ಯಕ್ರಮ ದೂಡಿದ ವಾರ ನಾನು ಕುದಿಯುತ್ತಿದ್ದೆ. ಮೀಟಿಂಗ್‌ನಲ್ಲಿ ಎದ್ದು ನಿಂತು ಕೇಳುವ ಧೈರ್ಯ ಬರಲಿಲ್ಲ. ಬದಲಿಗೆ ಒಂದು ರಾತ್ರಿ ಕಾರ್ಯಕ್ರಮದ ಕೊನೆಗೆ, ನಗುತ್ತಲೇ, ಮೇಲಿನವರಿಗೆ ತಾಗುವಂಥ ಒಂದು ಚುಚ್ಚುಮಾತು ಆಡಿದೆ. ನಿಮಗ್ಯಾರಿಗೂ ಅದು ಅರ್ಥವಾಗಿರಲಿಕ್ಕಿಲ್ಲ. ತಾಗಬೇಕಾದವರಿಗೆ ತಾಗಿತು. ಮರುದಿನ ಮೆಮೊ ಬಂತು. ನನಗಲ್ಲ ವೀಕ್ಷಕರೇ, ಆ ರಾತ್ರಿ ಕಂಟ್ರೋಲ್ ರೂಮಿನಲ್ಲಿದ್ದ ಪ್ರೊಡ್ಯೂಸರ್ ಹುಡುಗನಿಗೆ. ಅವನು ನನಗೆ ಏನೂ ಅನ್ನಲಿಲ್ಲ. ‘ಸರ್, ಕಾಫಿ ತರಲಾ’ ಅಂದ. ಆ ಕಾಫಿ ಇವತ್ತಿಗೂ ಗಂಟಲಿಂದ ಇಳಿದಿಲ್ಲ. ಪರದೆಯ ಮುಂದಿರುವವನ ಸಿಟ್ಟಿಗೆ ದಂಡ ಕಟ್ಟುವವನು ಪರದೆಯ ಹಿಂದಿರುತ್ತಾನೆ.

ನಮ್ಮಲ್ಲೂ ಒಳ್ಳೆಯ ಮಾದರಿ ಇದೆ. 2013ರಿಂದ ಕನ್ನಡ ಬಿಗ್ ಬಾಸ್ ನಡೆಸಿಕೊಟ್ಟ ಸುದೀಪ್ 2024ರ ಅಕ್ಟೋಬರ್ 13ಕ್ಕೆ, ನಿರೂಪಕನಾಗಿ ಇದೇ ನನ್ನ ಕೊನೆಯ ಸೀಸನ್ ಅಂತ ಘೋಷಿಸಿದರು. ಇಲ್ಲಿ ಸಮಯ ಬದಲಾವಣೆಯ ಜಗಳ ಇರಲಿಲ್ಲ. ಆದರೂ ಊಹಾಪೋಹ ಕೇಳಬೇಕೆ? ವಾಹಿನಿ ಜೊತೆ ಜಗಳವಂತೆ, ಹಾಗಂತೆ, ಹೀಗಂತೆ. ಸೀಸನ್ ಶುರುವಾಗಿ ಆಗಿನ್ನೂ ಎರಡೇ ವಾರ. ಅಕ್ಟೋಬರ್ 20ಕ್ಕೆ ಅವರ ತಾಯಿ ತೀರಿಕೊಂಡರು. ನಡುವೆ ಬಿಟ್ಟುಹೋಗಿದ್ದರೆ ಯಾರೂ ಬೈಯುತ್ತಿರಲಿಲ್ಲ. ಆದರೆ ಮರಳಿ ಬಂದರು, 2025ರ ಜನವರಿ 26ರ ಫಿನಾಲೆವರೆಗೆ ನಿಂತು ಒಪ್ಪಿಕೊಂಡ ಕೆಲಸ ಮುಗಿಸಿದರು. ಸೆಪ್ಟೆಂಬರ್‌ನಲ್ಲಿ 12ನೇ ಸೀಸನ್‌ಗೆ ಅದೇ ವೇದಿಕೆಗೆ ಅವರೇ ವಾಪಸ್ ಬಂದಾಗ ‘ಕೊನೆ ಅಂದಿದ್ದರಲ್ಲ’ ಅಂತ ಕೆಲವರು ನಕ್ಕರು. ನಗಲಿ ಬಿಡಿ. ಬಾಗಿಲು ಒದ್ದು ಹೋಗದವನಿಗೆ ಮಾತ್ರ ಅದೇ ಬಾಗಿಲಲ್ಲಿ ಮತ್ತೆ ಬರಲು ಸಾಧ್ಯ.

ಕಾನನ್ ಕಥೆಯೂ ಅಲ್ಲಿಗೆ ಮುಗಿಯಲಿಲ್ಲ. ಒಪ್ಪಂದದ ಪ್ರಕಾರ ಕೆಲವು ತಿಂಗಳು ಟಿವಿಗೆ ಬರುವಂತಿರಲಿಲ್ಲ. ಏಪ್ರಿಲ್‌ನಿಂದ ಊರೂರು ತಿರುಗಿ ವೇದಿಕೆ ಮೇಲೆ ಕಾರ್ಯಕ್ರಮ ಕೊಟ್ಟರು. ನವೆಂಬರ್ 8ಕ್ಕೆ ಟಿಬಿಎಸ್ ಎಂಬ ಕೇಬಲ್ ವಾಹಿನಿಯಲ್ಲಿ ಹೊಸ ಶೋ ಶುರು ಮಾಡಿದರು. ಅದು 2021ರವರೆಗೆ ನಡೆಯಿತು. 2025ರಲ್ಲಿ ಆಸ್ಕರ್ ಸಮಾರಂಭದ ನಿರೂಪಕರೂ ಆದರು. ಆದರೆ ಟುನೈಟ್ ಶೋ ಮಾತ್ರ ಅವರಿಗೆ ಮತ್ತೆ ಸಿಗಲಿಲ್ಲ. ಘನತೆಯಿಂದ ನಡೆದುಕೊಂಡರೆ ಕಳೆದದ್ದು ವಾಪಸ್ ಬರುತ್ತದೆ ಅಂತ ನಾನು ಸುಳ್ಳು ಹೇಳಲಾರೆ.

ಕುರ್ಚಿ ವಾಹಿನಿಯದು. ಹೊತ್ತು ಟಿಆರ್‌ಪಿಯದು. ನಮ್ಮದು ಅಂತ ಇರುವುದು ಎರಡೇ: ಎದುರಿಗೆ ನಿಂತು ‘ಇದು ತಪ್ಪು’ ಅನ್ನುವ ಮಾತು, ಮತ್ತು ಎದ್ದು ಹೋಗುವಾಗ ಹಿಂದೆ ನಿಂತವರಿಗೆ ಪೆಟ್ಟಾಗದಂತೆ ಹೋಗುವ ರೀತಿ. ನಾನು ಮೊದಲನೆಯದನ್ನು ಮಾಡಲಿಲ್ಲ, ಅದಕ್ಕೇ ಎರಡನೆಯದೂ ಕೆಟ್ಟಿತು.

ಹತ್ತರಗಿಯ ಅಜ್ಜ ಚಹಾದ ದುಡ್ಡು ಕೊಡಲು ಬಿಡಲಿಲ್ಲ. ‘ನಿಮ್ಮ ಹೊತ್ತು ಮತ್ತ ಒಂಬತ್ತಕ್ಕ ಬಂದ್ರ ಹೇಳ್ರಿ, ನೋಡ್ತೀವಿ’ ಅಂದರು. ಆ ಹೊತ್ತು ಮತ್ತೆ ಬರಲಿಲ್ಲ. ಕೆಲವು ತಿಂಗಳಿಗೆ ನಾನು ಆ ವಾಹಿನಿ ಬಿಟ್ಟೆ. ಹೊರಡುವ ದಿನ ಮೊದಲು ಹೋಗಿದ್ದು ಕಂಟ್ರೋಲ್ ರೂಮಿಗೆ. ಆ ಹುಡುಗನ ಕೈ ಹಿಡಿದು ಕ್ಷಮೆ ಕೇಳಿದೆ. ತಡವಾಗಿತ್ತು ನಿಜ. ಆದರೂ ಕೇಳಿದೆ.