ನಿಲ್ಲದ ಬಣ್ಣದಿಂದ ಶುರುವಾದ ಪಾಠ

ಬೋಧನಾಭ್ಯಾಸದ ಎರಡನೆಯ ವಾರ ನಾನು ಏಳನೆಯ ತರಗತಿಗೆ ‘ಆಮ್ಲಗಳು, ಪ್ರತ್ಯಾಮ್ಲಗಳು ಮತ್ತು ಲವಣಗಳು’ ಘಟಕವನ್ನು ತೆಗೆದುಕೊಂಡಿದ್ದೆ. ಅರಿಸಿನ ನೈಸರ್ಗಿಕ ಸೂಚಕ ಎಂಬುದನ್ನು ಕಾಗದದ ಪಟ್ಟಿಯ ಬದಲು ನೂಲಿನಲ್ಲಿ ತೋರಿಸಲು, ಬಿಳಿ ಹತ್ತಿ ನೂಲನ್ನು ಅರಿಸಿನದ ನೀರಿನಲ್ಲಿ ಕುದಿಸಿ ಒಂದೊಂದು ಎಳೆ ಹಂಚಿದೆ. ಸಾಬೂನು ನೀರಿನಲ್ಲಿ ಅದು ಕೆಂಪಾಯಿತು, ನಿಂಬೆರಸದಲ್ಲಿ ಮತ್ತೆ ಹಳದಿಯಾಯಿತು. ಮಕ್ಕಳು ಚಪ್ಪಾಳೆ ತಟ್ಟಿದರು.

ಮೂರು ದಿನ ಬಿಟ್ಟು ಒಬ್ಬ ಹುಡುಗಿ ಕೈಗೆ ಕಟ್ಟಿಕೊಂಡಿದ್ದ ಎಳೆಯನ್ನು ತೋರಿಸಿ, “ಟೀಚರ್, ಬಣ್ಣ ನಿಲ್ಲಲೇ ಇಲ್ಲ. ಅಂಗಡಿ ದಾರದ್ದು ಯಾಕೆ ನಿಲ್ಲುತ್ತೆ?” ಎಂದು ಕೇಳಿದಳು. “ಅದು ರಾಸಾಯನಿಕ ಬಣ್ಣ” ಎಂದುಬಿಟ್ಟೆ. ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರ ಓದಿದವಳು ಹೇಳುವ ಮಾತಲ್ಲ ಅದು. ಅರಿಸಿನದ ಕರ್ಕ್ಯುಮಿನ್ ಕೂಡ ರಾಸಾಯನಿಕವೇ. ಹಿಂದೆ ಕುಳಿತಿದ್ದ ನಮ್ಮ ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ ಬರೆದದ್ದು ಒಂದೇ ಸಾಲು: “ಚಟುವಟಿಕೆ ಇತ್ತು, ಪ್ರಶ್ನೆ ಮಗುವಿನಿಂದ ಬಂತು, ಉತ್ತರ ಬರಲಿಲ್ಲ.”

ಮನೆಯಲ್ಲೊಂದು ಬಣ್ಣದ ಪಾತ್ರೆ

ನಮ್ಮ ಬೀದಿಯಲ್ಲಿ ಒಬ್ಬ ಅಕ್ಕ ಮನೆಯಲ್ಲೇ ನೂಲಿಗೆ ಬಣ್ಣ ಹಾಕಿ, ಕ್ರೋಶಾ ಹೆಣೆದು ಮಾರುತ್ತಾರೆ. ಉತ್ತರ ಹುಡುಕಿಕೊಂಡು ಅವರ ಬಳಿ ಹೋದೆ. ಅಕ್ಕನ ಮಗುವಿಗೆ ಟೋಪಿ ಹೆಣೆಯಲು ಬೇಕಾದ ಬಣ್ಣ ಅಂಗಡಿಯಲ್ಲಿ ಸಿಗದಿದ್ದಾಗ, ಈರುಳ್ಳಿ ಸಿಪ್ಪೆ ಕುದಿಸಿದ ನೀರಿಗೆ ಉಣ್ಣೆಯ ಲಡಿ ಹಾಕಿದ್ದೇ ಅವರ ಆರಂಭ. ಬಿಸಿಯಿಂದ ತೆಗೆದ ಲಡಿಯನ್ನು ನೇರವಾಗಿ ತಣ್ಣೀರಿಗೆ ಹಾಕಿ ಉಜ್ಜಿದ್ದರಿಂದ ಎಳೆಗಳೆಲ್ಲ ಒಂದಕ್ಕೊಂದು ಕಚ್ಚಿಕೊಂಡು ಕಂಬಳಿಯಂತಾಯಿತು. ಅವರು ಅದನ್ನು ಎಸೆಯಲಿಲ್ಲ. ಒಂದು ತುಂಡು ಕತ್ತರಿಸಿ ನೋಟ್‌ಬುಕ್‌ಗೆ ಪಿನ್ ಮಾಡಿ, ಏನೇನು ಹಾಕಿದೆ, ಎಷ್ಟು ಹೊತ್ತು ಕುದಿಸಿದೆ, ಎಲ್ಲಿ ಕೆಟ್ಟಿತು ಎಂದು ಬರೆದಿಟ್ಟರು.

“ಚೆನ್ನಾಗಿ ಬಂದ ಬಣ್ಣ ನೋಡಿ ಸಂತೋಷಪಡಬಹುದು ಅಷ್ಟೇ ತಂಗಿ. ಕೆಟ್ಟದ್ದನ್ನ ಬರೆದಿಟ್ಟರೆ ಮುಂದಿನ ಸಲ ದಾರಿ ಸಿಗುತ್ತೆ” ಎಂದರು.

ಈ ಹಾದಿ ಅವರೊಬ್ಬರದಲ್ಲ. ಇಂಗ್ಲೆಂಡಿನ ಎಥೆಲ್ ಮೇರೆ (1872–1952) ಪಿಯಾನೊ ಕಲಿಸುವ ಅರ್ಹತೆ ಪಡೆದವರು. ಪತಿ ಆನಂದ ಕುಮಾರಸ್ವಾಮಿಯವರೊಂದಿಗೆ ಸಿಲೋನಿನ ಹಳ್ಳಿಗಳಲ್ಲಿ ಕರಕುಶಲ ಕೆಲಸಗಳನ್ನು ದಾಖಲಿಸುತ್ತಾ, ಫೋಟೊ ತೆಗೆಯುತ್ತಾ ಅವರಿಗೆ ಈ ಲೋಕ ಪರಿಚಯವಾಯಿತು. ಮರಳಿದ ಮೇಲೆ ನೂಲುವುದು, ಬಣ್ಣ ಹಾಕುವುದು, ನೇಯುವುದನ್ನು ತಾವೇ ಪ್ರಯೋಗ ಮಾಡಿ ಕಲಿತು, 1916ರಲ್ಲಿ ಸಸ್ಯಜನ್ಯ ಬಣ್ಣಗಳ ಬಗ್ಗೆ ಪುಸ್ತಕ ಪ್ರಕಟಿಸಿದರು. ಡಿಚ್ಲಿಂಗ್ ಎಂಬ ಹಳ್ಳಿಯಲ್ಲಿ ಕಾರ್ಯಾಗಾರ ಕಟ್ಟಿ ಅನೇಕರಿಗೆ ಕಲಿಸಿದರು. ಅವರ ಕಲಿಕೆಗೂ ದಾಖಲೆಯೇ ಮೊದಲ ಮೆಟ್ಟಿಲಾಗಿತ್ತು.

ಬಣ್ಣ ನಿಲ್ಲುವುದು ಹೇಗೆ?

ಹತ್ತಿ ಸೆಲ್ಯುಲೋಸ್, ಉಣ್ಣೆ ಪ್ರೋಟೀನ್. ಹೆಚ್ಚಿನ ಸಸ್ಯಜನ್ಯ ಬಣ್ಣಗಳಿಗೆ ಹತ್ತಿಯ ಮೇಲೆ ಗಟ್ಟಿ ಹಿಡಿತವಿಲ್ಲ. ನಡುವೆ ಒಂದು ಕೊಂಡಿ ಬೇಕು. ಅದೇ ವರ್ಣಬಂಧಕ. ಪಟಿಕದಲ್ಲಿರುವ ಅಲ್ಯೂಮಿನಿಯಂ ಅಯಾನು ಒಂದು ಕಡೆ ನಾರನ್ನೂ ಇನ್ನೊಂದು ಕಡೆ ಬಣ್ಣದ ಅಣುವನ್ನೂ ಹಿಡಿಯುತ್ತದೆ. ಉಣ್ಣೆ ಪಟಿಕವನ್ನು ಸುಲಭವಾಗಿ ಹೀರುತ್ತದೆ. ಹತ್ತಿಗೆ ಮೊದಲು ಅಳಲೆಕಾಯಿಯಂಥ ಟ್ಯಾನಿನ್ ಇರುವ ವಸ್ತು ಕೊಟ್ಟರೆ ಹಿಡಿತ ಹೆಚ್ಚುತ್ತದೆ. ಅಂಗಡಿಯ ಹತ್ತಿ ದಾರಕ್ಕೆ ಬಳಸುವ ರಿಯಾಕ್ಟಿವ್ ಬಣ್ಣಗಳಾದರೆ ನಾರಿನೊಂದಿಗೇ ಸಹವೇಲೆನ್ಸೀಯ ಬಂಧ ಕಟ್ಟುತ್ತವೆ, ಹಾಗಾಗಿ ತೊಳೆದರೂ ಹೋಗುವುದಿಲ್ಲ. ಹುಡುಗಿ ಕೇಳಿದ್ದಕ್ಕೆ ನಾನು ಹೇಳಬೇಕಾಗಿದ್ದ ಉತ್ತರ ಇದು. ಪಟಿಕ ಎಲ್ಲಕ್ಕೂ ಮದ್ದಲ್ಲ ಎಂಬುದೂ ಗೊತ್ತಿರಬೇಕು: ಅರಿಸಿನದ ಬಣ್ಣ ಪಟಿಕ ಹಾಕಿದರೂ ಬಿಸಿಲಿಗೆ ಮಾಸುತ್ತದೆ.

ಎರಡನೆಯ ಪಾಠ

ಮುಂದಿನ ವಾರ ಪಾಠಯೋಜನೆ ಬದಲಿಸಿದೆ. 20 ಗ್ರಾಂ ತೂಕದ ನಾಲ್ಕು ಹತ್ತಿ ಲಡಿಗಳನ್ನು ವಾಷಿಂಗ್ ಸೋಡಾ ನೀರಿನಲ್ಲಿ ಕುದಿಸಿ, ಮೇಣದಂಶ ತೆಗೆದೆ. ನಾಲ್ಕು ಗುಂಪಿಗೂ ಒಂದೇ ಈರುಳ್ಳಿ ಸಿಪ್ಪೆಯ ನೀರು, ಒಂದೇ ಸಮಯ. ಬೇರೆಯಾದದ್ದು ಪೂರ್ವಸಿದ್ಧತೆ ಮಾತ್ರ.

1. ಏನೂ ಹಾಕದ ಲಡಿ.
2. ಪಟಿಕ ಮಾತ್ರ. ನೂಲಿನ ತೂಕದ ಶೇ. 15, ಅಂದರೆ 3 ಗ್ರಾಂ.
3. ಮೊದಲು ಅಳಲೆಪುಡಿ, ನಂತರ ಪಟಿಕ.
4. ಅಳಲೆಪುಡಿ, ನಂತರ ಅಕ್ಕ ಕೊಟ್ಟ ಕಬ್ಬಿಣದ ನೀರು. ಬೆಲ್ಲದ ನೀರಿನಲ್ಲಿ ತುಕ್ಕು ಹಿಡಿದ ಮೊಳೆಗಳನ್ನು ವಾರಗಟ್ಟಲೆ ನೆನೆಸಿ ಮಾಡಿದ್ದು.

ಮೊದಲನೆಯದು ಮಂಕು ಕಂದು, ಎರಡನೆಯದು ಹಳದಿ, ಮೂರನೆಯದು ಗಾಢ ಸಾಸಿವೆ, ನಾಲ್ಕನೆಯದು ಕಪ್ಪಿಗೆ ತಿರುಗಿದ ಹಸಿರು. ಪ್ರತಿ ಗುಂಪೂ ಒಂದು ಎಳೆಯನ್ನು ಸಾಬೂನಿನಲ್ಲಿ ತೊಳೆಯಿತು, ಇನ್ನೊಂದನ್ನು ಅರ್ಧ ರಟ್ಟಿನಿಂದ ಮುಚ್ಚಿ ಒಂದು ವಾರ ಕಿಟಕಿಯಲ್ಲಿಟ್ಟಿತು. ಯಾವುದು ನಿಲ್ಲುತ್ತದೆ ಎಂದು ಮೊದಲೇ ಊಹಿಸಿ ಬರೆಯಬೇಕೆಂಬುದು ನಿಯಮ. ಹಲವರ ಊಹೆ ತಪ್ಪಾಯಿತು. ಅದನ್ನು ಅಳಿಸಲು ಬಿಡಲಿಲ್ಲ.

ಸಹಪಾಠಿಗಳಿಗೆ ಕೆಲವು ಸೂಚನೆ

40 ನಿಮಿಷದ ಅವಧಿಯಲ್ಲಿ ಇದೆಲ್ಲ ಮುಗಿಯದು. ಅಳಲೆ ಮತ್ತು ಪಟಿಕದ ನೀರಿನಲ್ಲಿ ನೆನೆಸುವುದನ್ನು ಹಿಂದಿನ ದಿನಗಳಲ್ಲೇ ಮಾಡಿಕೊಳ್ಳಿ. ಒಲೆಯ ಕೆಲಸ ಶಿಕ್ಷಕರದೇ ಆಗಿರಲಿ. ಬಣ್ಣದ ಪಾತ್ರೆ ಮತ್ತೆ ಅಡುಗೆಗೆ ಹೋಗಬಾರದು. ಒಂದು ಪ್ರಯೋಗದಲ್ಲಿ ಒಂದನ್ನು ಮಾತ್ರ ಬದಲಿಸಿ. ನಾನು ಮೊದಲ ಪಾಠದಲ್ಲಿ ಫಲಿತಾಂಶವನ್ನು ಸಿದ್ಧಮಾಡಿ ತಂದಿದ್ದೆ, ಹಾಗಾಗಿ ಮಕ್ಕಳಿಗೆ ಮಾಡಲು ಏನೂ ಉಳಿದಿರಲಿಲ್ಲ. ಎರಡನೆಯ ಪಾಠಕ್ಕೆ ತಂದದ್ದು ಆ ಹುಡುಗಿಯ ಪ್ರಶ್ನೆಯನ್ನು.

ತರಗತಿಯ ಮಾದರಿ ಪುಸ್ತಕ ಈಗ ಆ ಶಾಲೆಯಲ್ಲೇ ಇದೆ. ಮೊದಲ ಪುಟದಲ್ಲಿ ಪಿನ್ ಮಾಡಿರುವುದು ಆ ಹುಡುಗಿಯ ಮಾಸಿದ ಅರಿಸಿನದ ಎಳೆ. ಕೆಳಗೆ ಅವಳದೇ ಕೈಬರಹ: “ಅರಿಸಿನ, ಹತ್ತಿ, ಪಟಿಕ ಹಾಕಿಲ್ಲ. ಮೂರು ದಿನ.”