ಮುರಿದ ಬಿಡಿಭಾಗವೂ ಒಂದು ದಾಖಲೆ
ಲೋಹಭಂಗದ ಕಾರಣಗಳು ಹಾಗೂ ಸಣ್ಣ ಉದ್ದಿಮೆಗಳು ಕೈಗೊಳ್ಳಬಹುದಾದ ಮುನ್ನೆಚ್ಚರಿಕೆಗಳು

ಯಂತ್ರದ ಶಾಫ್ಟ್ ಮುರಿದಾಗ, ಬೋಲ್ಟಿನ ತಲೆ ಹಾರಿದಾಗ ಅಥವಾ ಎರಕದ ಬ್ರಾಕೆಟ್ ಸೀಳಿದಾಗ ಸಾಮಾನ್ಯವಾಗಿ ಕೇಳಿಬರುವ ಮಾತುಗಳು ಎರಡೇ: 'ಮಾಲು ಸರಿಯಿಲ್ಲ' ಮತ್ತು 'ಗಿರಾಕಿ ಮಿತಿಮೀರಿ ಭಾರ ಹಾಕಿದ್ದಾನೆ'. ಪೂರೈಕೆದಾರನು ಗಿರಾಕಿಯನ್ನೂ ಗಿರಾಕಿಯು ಪೂರೈಕೆದಾರನನ್ನೂ ದೂರುತ್ತಾರೆ. ಕೊನೆಗೆ ಬದಲಿ ಭಾಗವನ್ನು ಕಳುಹಿಸಿ, ಡೆಬಿಟ್ ನೋಟನ್ನು ಒಪ್ಪಿಕೊಂಡು ವಿವಾದವನ್ನು ಮುಗಿಸಲಾಗುತ್ತದೆ. ಮುರಿದ ತುಂಡು ಗುಜರಿಗೆ ಸೇರುತ್ತದೆ. ಕೆಲವು ತಿಂಗಳ ನಂತರ ಅದೇ ಭಾಗ, ಅದೇ ಸ್ಥಳದಲ್ಲಿ ಮತ್ತೆ ಮುರಿಯುತ್ತದೆ.

ವೋಚರ್ ಇಲ್ಲದ ಖರ್ಚನ್ನು ಲೆಕ್ಕಕ್ಕೆ ಬರೆಯಲು ಯಾವ ಉದ್ಯಮಿಯೂ ಒಪ್ಪುವುದಿಲ್ಲ. ಆದರೆ ಮುರಿದ ಬಿಡಿಭಾಗವೆಂಬ ವೋಚರನ್ನು ಓದದೆಯೇ ಎಸೆಯುವ ರೂಢಿ ಮಾತ್ರ ಬಹಳ ಕಡೆ ಉಳಿದುಬಂದಿದೆ. ಲೋಹ ಏಕೆ ಮುರಿಯಿತೆಂಬುದನ್ನು ಮುರಿದ ಮುಖವೇ ಬಹುಮಟ್ಟಿಗೆ ಹೇಳುತ್ತದೆ. ಅದನ್ನು ಓದುವ ಕ್ರಮವನ್ನು ಕಳೆದ ಸುಮಾರು 180 ವರ್ಷಗಳ ದುಬಾರಿ ಅನುಭವಗಳು ಜಗತ್ತಿಗೆ ಕಲಿಸಿವೆ. ಆ ಪಾಠಗಳ ಬಹುಪಾಲನ್ನು ಒಂದೆರಡು ಲೇತ್‌ಗಳಿರುವ ಕಾರ್ಖಾನೆಯೂ ಅಳವಡಿಸಿಕೊಳ್ಳಬಹುದು.

ಲೋಹದ ದಣಿವು

1842ರ ಮೇ 8ರಂದು ಫ್ರಾನ್ಸಿನ ವರ್ಸೈಲ್ಸ್‌ನಿಂದ ಪ್ಯಾರಿಸ್ಸಿಗೆ ಹೊರಟಿದ್ದ ರೈಲಿನ ಎಂಜಿನ್ನಿನ ಅಚ್ಚು ಮ್ಯೂಡಾನ್ ಎಂಬಲ್ಲಿ ಮುರಿಯಿತು. ಬೋಗಿಗಳು ಒಂದರ ಮೇಲೊಂದು ಬಿದ್ದು ಬೆಂಕಿ ಹತ್ತಿಕೊಂಡಿತು; ಕನಿಷ್ಠ 52 ಮಂದಿ ಅಸುನೀಗಿದರು. ಅಚ್ಚಿನ ಮೇಲಿದ್ದ ಭಾರ ಅಂದು ಹೊಸದಾಗಿ ಹೆಚ್ಚಿದ್ದುದಲ್ಲ. ದಿನವೂ ಹೊರುತ್ತಿದ್ದ ಭಾರದಲ್ಲಿಯೇ ಅದು ತುಂಡಾಗಿತ್ತು. ಇಂತಹ ಮುರಿತಗಳ ರಹಸ್ಯವನ್ನು ಕ್ರಮಬದ್ಧ ಪ್ರಯೋಗಗಳಿಂದ ಬಿಡಿಸಿದವನು ಪ್ರಷ್ಯಾದ ರೈಲ್ವೆ ಎಂಜಿನಿಯರ್ ಔಗುಸ್ಟ್ ವ್ಯೋಲರ್. 1850ರ ದಶಕದಿಂದ 1870ರವರೆಗೆ ಅಚ್ಚುಗಳನ್ನು ಯಂತ್ರದಲ್ಲಿ ತಿರುಗಿಸಿ ಪರೀಕ್ಷಿಸಿದ ಆತನು, ಒಮ್ಮೆ ಹೇರಿದರೆ ಲೋಹವು ಸುಲಭವಾಗಿ ತಾಳಿಕೊಳ್ಳುವ ಒತ್ತಡವೇ ಲಕ್ಷಾಂತರ ಬಾರಿ ಮರುಕಳಿಸಿದಾಗ ಅದನ್ನು ಮುರಿಯಬಲ್ಲುದೆಂದು ತೋರಿಸಿಕೊಟ್ಟನು. ಇದನ್ನೇ ಲೋಹದ ದಣಿವು ಎನ್ನುತ್ತಾರೆ. ಕೈಯಿಂದ ಎಳೆದು ತುಂಡರಿಸಲಾಗದ ತಂತಿಯನ್ನು ಅತ್ತಿತ್ತ ಬಗ್ಗಿಸಿ ತುಂಡರಿಸುವುದು ಎಲ್ಲರಿಗೂ ಪರಿಚಿತ. ಶಾಫ್ಟಿನಲ್ಲಿ ಬಾಗು ಕಣ್ಣಿಗೆ ಕಾಣದಷ್ಟು ಅಲ್ಪ. ಆದರೆ ಆವರ್ತನೆಗಳು ಅಪಾರ. ನಿಮಿಷಕ್ಕೆ 1,440 ಸುತ್ತು ತಿರುಗುವ ಮೋಟಾರಿನ ಶಾಫ್ಟ್ ಗಂಟೆಗೆ 86,400 ಬಾರಿ ಬಾಗಿ ನೆಟ್ಟಗಾಗುತ್ತದೆ. ಹತ್ತು ಲಕ್ಷ ಆವರ್ತನೆಗಳು ಹನ್ನೆರಡು ಗಂಟೆಗಳೊಳಗೆ ಪೂರ್ಣಗೊಳ್ಳುತ್ತವೆ.

ಈ ದಣಿವು ಮೇಲ್ಮೈಯ ಯಾವುದೋ ಒಂದು ಬಿಂದುವಿನಲ್ಲಿ ಆರಂಭವಾಗುತ್ತದೆ. ಅಗಲವಾದ ತಗಡನ್ನು ಎಳೆದಾಗ ಅದರಲ್ಲಿರುವ ದುಂಡು ರಂಧ್ರದ ಅಂಚಿನಲ್ಲಿ ಒತ್ತಡವು ಉಳಿದೆಡೆಗಿಂತ ಮೂರು ಪಟ್ಟಾಗುತ್ತದೆಂದು 1898ರಲ್ಲಿಯೇ ಜರ್ಮನಿಯ ಕಿರ್ಶ್ ಲೆಕ್ಕ ಹಾಕಿದ್ದನು. ಚೂಪಾದ ಮೂಲೆಗಳಲ್ಲಿ ಅದು ಇನ್ನೂ ಅಧಿಕ. 1954ರ ಜನವರಿ 10 ಮತ್ತು ಏಪ್ರಿಲ್ 8ರಂದು ಬ್ರಿಟನ್ನಿನ ಎರಡು ಕಾಮೆಟ್ ಜೆಟ್ ವಿಮಾನಗಳು ಮೆಡಿಟರೇನಿಯನ್ ಸಮುದ್ರದ ಮೇಲೆ ಆಕಾಶದಲ್ಲಿಯೇ ಒಡೆದು, ಒಟ್ಟು 56 ಮಂದಿ ಮಡಿದರು. ತನಿಖೆಗಾಗಿ ಮತ್ತೊಂದು ಕಾಮೆಟ್ ವಿಮಾನದ ಒಡಲನ್ನು ಫಾರ್ನ್‌ಬರೋ ಎಂಬಲ್ಲಿ ನೀರಿನ ತೊಟ್ಟಿಯಲ್ಲಿಟ್ಟು, ಹಾರಾಟದಲ್ಲಿ ಆಗುವಂತೆಯೇ ಒಳ ಒತ್ತಡವನ್ನು ಏರಿಸಿ ಇಳಿಸಲಾಯಿತು. ಅದಾಗಲೇ 1,221 ಬಾರಿ ಹಾರಿದ್ದ ಆ ಒಡಲು ತೊಟ್ಟಿಯಲ್ಲಿ ಇನ್ನೂ 1,836 ಆವರ್ತನೆಗಳಾಗುವಷ್ಟರಲ್ಲಿ ಸೀಳಿತು. ಸೀಳು ಆರಂಭವಾದದ್ದು ಒಂದು ತೆರಪಿನ ಮೂಲೆಯಲ್ಲಿ.

ಸಣ್ಣ ಕಾರ್ಖಾನೆಯಲ್ಲಿ ಈ ಮೂಲೆಗೆ ಸಮನಾದವು ಹಲವು: ಶಾಫ್ಟಿನ ವ್ಯಾಸ ಬದಲಾಗುವ ಮೆಟ್ಟಿಲು, ಕೀ ಕೂರಿಸುವ ಗಾಡಿ, ಎಣ್ಣೆಯ ರಂಧ್ರ, ತಿರುಪಿನ ಬುಡ, ಲೇತ್ ಟೂಲಿನ ಆಳವಾದ ಗೀರು, ವೆಲ್ಡಿಂಗಿನ ಅಂಚು. ಬಾಗುವ ಜಾಗದಲ್ಲಿ ಪಂಚಿನಿಂದ ಕುಟ್ಟಿದ ಪಾರ್ಟ್ ನಂಬರು ಸಹ ಬಿರುಕಿನ ತವರಾಗಬಹುದು.

ಹಡಗುಗಳ ಪಾಠ

ಎರಡನೆಯ ಬಗೆಯ ಮುರಿತಕ್ಕೆ ಲಕ್ಷಾಂತರ ಆವರ್ತನೆಗಳು ಬೇಕಾಗಿಲ್ಲ. 1943ರ ಜನವರಿ 16ರಂದು ಅಮೆರಿಕದ ಪೋರ್ಟ್‌ಲೆಂಡಿನ ಹಡಗುಕಟ್ಟೆಯಲ್ಲಿ ಶಾಂತ ನೀರಿನಲ್ಲಿ ನಿಂತಿದ್ದ 'ಷೆನೆಕ್ಟಡಿ' ಎಂಬ ಹೊಸ ತೈಲವಾಹಕ ಹಡಗು ಭಾರಿ ಸದ್ದಿನೊಡನೆ ನಡುವೆ ಸೀಳಿತು. ಅದೇ ಯುದ್ಧಕಾಲದಲ್ಲಿ ತರಾತುರಿಯಿಂದ ನಿರ್ಮಿಸಲಾದ 2,710 ಲಿಬರ್ಟಿ ಹಡಗುಗಳ ಪೈಕಿಯೂ ಅನೇಕವು ಬಿರುಕುಬಿಟ್ಟವು. ಕೆಲವು ಎರಡು ತುಂಡಾದವು. ಮೊದಲಿಗೆ ಎಲ್ಲರೂ ವೆಲ್ಡರುಗಳನ್ನು ದೂರಿದರು. ಕೇಂಬ್ರಿಡ್ಜ್ ವಿಶ್ವವಿದ್ಯಾನಿಲಯದ ಕಾನ್‌ಸ್ಟನ್ಸ್ ಟಿಪ್ಪರ್ ಎಂಬ ಲೋಹಶಾಸ್ತ್ರಜ್ಞೆಯು ಮುಖ್ಯ ದೋಷ ಉಕ್ಕಿನಲ್ಲಿಯೇ ಇದ್ದುದನ್ನು ತೋರಿಸಿದರು. ಸಾಧಾರಣ ಉಷ್ಣತೆಯಲ್ಲಿ ಬಾಗಿ ತಾಳಿಕೊಳ್ಳುತ್ತಿದ್ದ ಆ ಉಕ್ಕು ಚಳಿಯಲ್ಲಿ ಗಾಜಿನಂತೆ ಪೆಡಸಾಗುತ್ತಿತ್ತು. ಹಡಗಿನ ಡೆಕ್ಕಿನಲ್ಲಿದ್ದ ಚೌಕಾಕಾರದ ತೆರಪುಗಳ ಮೂಲೆಗಳು ಬಿರುಕಿಗೆ ಆರಂಭ ನೀಡಿದವು. ರಿವೆಟ್ ಮಾಡಿದ ಹಡಗಿನಲ್ಲಾಗಿದ್ದರೆ ಬಿರುಕು ತಗಡಿನ ಅಂಚಿನಲ್ಲಿ ನಿಲ್ಲುವ ಸಂಭವವಿತ್ತು. ವೆಲ್ಡಿಂಗಿನಿಂದ ಒಂದಾದ ಒಡಲಿನಲ್ಲಿ ಅದಕ್ಕೆ ತಡೆಯೇ ಇರಲಿಲ್ಲ.

ನಮ್ಮ ನಾಡಿನ ಹವೆಯಲ್ಲಿ ಇದು ಅನ್ವಯಿಸದೆಂದು ಭಾವಿಸುವುದು ತಪ್ಪಾದೀತು. ಶೀತಲ ದೇಶಗಳಿಗೆ ಹೋಗುವ ಎರಕ, ಶೀತಾಗಾರದ ಯಂತ್ರಭಾಗಗಳು ಈ ಪರೀಕ್ಷೆಗೆ ನೇರವಾಗಿ ಒಳಪಡುತ್ತವೆ. ರಂಜಕದ ಅಂಶ ಮಿತಿಮೀರಿದ ಉಕ್ಕು ಪೆಡಸಾಗುತ್ತದೆ. ಕಾಯಿಸಿ ತಣಿಸಿದ ನಂತರ ಸರಿಯಾಗಿ ಟೆಂಪರ್ ಮಾಡದ ಉಕ್ಕಿನ ಪಾಡೂ ಅದೇ. ಹಾರ್ಡ್‌ನೆಸ್ ಹೆಚ್ಚಾದಷ್ಟೂ ಮಾಲು ಉತ್ತಮವೆಂಬ ನಂಬಿಕೆ ವ್ಯಾಪಾರದಲ್ಲಿ ಪ್ರಬಲವಾಗಿದೆ. ವಾಸ್ತವದಲ್ಲಿ ಗಡಸುತನ ಹೆಚ್ಚಿದಂತೆ ಪೆಟ್ಟು ತಾಳುವ ಶಕ್ತಿ ಸಾಮಾನ್ಯವಾಗಿ ಕುಗ್ಗುತ್ತದೆ.

ಬೋಲ್ಟಿನಲ್ಲಿ ಅಡಗುವ ಜಲಜನಕ

ಮೂರನೆಯ ಬಗೆ ಬೋಲ್ಟ್, ಸ್ಪ್ರಿಂಗ್, ವಾಷರ್ ತಯಾರಿಸುವವರಿಗೂ ಮಾರುವವರಿಗೂ ತೀರ ಹತ್ತಿರದ್ದು. ಆಮ್ಲದಲ್ಲಿ ತೊಳೆದು ಸತುವಿನ ಪ್ಲೇಟಿಂಗ್ ಮಾಡುವಾಗ ಜಲಜನಕವು ಉಕ್ಕಿನೊಳಗೆ ಸೇರಿಕೊಳ್ಳುತ್ತದೆ. ತೇವ ಮತ್ತು ತುಕ್ಕಿನಿಂದಲೂ ಹೀಗಾಗಬಹುದು. ಮೆದು ಉಕ್ಕಿಗೆ ಇದರಿಂದ ಬಾಧೆ ಕಡಿಮೆ. ಹೆಚ್ಚು ಗಡಸಾದ ಉಕ್ಕಿನಲ್ಲಿ, ಉದಾಹರಣೆಗೆ 12.9 ದರ್ಜೆಯ ಬೋಲ್ಟಿನಲ್ಲಿ, ಅದು ಅಪಾಯಕಾರಿ. ಬಿಗಿಗೊಳಿಸಿದಾಗ ಎಲ್ಲವೂ ಸರಿಯಿರುತ್ತದೆ. ಗಂಟೆಗಳು ಅಥವಾ ದಿನಗಳು ಕಳೆದ ನಂತರ, ಯಾರೂ ಮುಟ್ಟದಿದ್ದರೂ ಬೋಲ್ಟ್ ತುಂಡಾಗುತ್ತದೆ.

2013ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ–ಓಕ್ಲೆಂಡ್ ಕೊಲ್ಲಿ ಸೇತುವೆಯ ಹೊಸ ಪೂರ್ವಭಾಗದಲ್ಲಿ ಹೀಗೆಯೇ ಆಯಿತು. 2008ರಲ್ಲಿ ತಯಾರಾಗಿ ಸತುವಿನ ಲೇಪ ಪಡೆದಿದ್ದ 96 ಉದ್ದನೆಯ ಸರಳುಗಳು, ನೀರು ನಿಂತಿದ್ದ ಕುಳಿಗಳಲ್ಲಿ ವರ್ಷಗಟ್ಟಲೆ ಉಳಿದಿದ್ದವು. ಆ ವರ್ಷದ ಮಾರ್ಚ್ ತಿಂಗಳಲ್ಲಿ ಅವುಗಳನ್ನು ಬಿಗಿಗೊಳಿಸಿದ ಕೆಲವೇ ದಿನಗಳಲ್ಲಿ 32 ಸರಳುಗಳು ಮುರಿದವು. ಬದಲಿಸಲು ಅವಕಾಶವಿರದ ಕಾರಣ, ಅವುಗಳ ಕೆಲಸವನ್ನು ವಹಿಸಿಕೊಳ್ಳುವ ಪ್ರತ್ಯೇಕ ಉಕ್ಕಿನ ವ್ಯವಸ್ಥೆಯನ್ನು ಸುಮಾರು 2.5 ಕೋಟಿ ಡಾಲರ್ ವೆಚ್ಚದಲ್ಲಿ ನಿರ್ಮಿಸಬೇಕಾಯಿತು.

ಪ್ಲೇಟಿಂಗಿನ ಸಂದರ್ಭದಲ್ಲಿ ಸೇರುವ ಜಲಜನಕಕ್ಕೆ ಪರಿಹಾರ ಕಷ್ಟವಲ್ಲ. ಪ್ಲೇಟಿಂಗ್ ಆದ ಕೂಡಲೆ, ಸಾಮಾನ್ಯವಾಗಿ 4 ಗಂಟೆಗಳೊಳಗೆ, ಭಾಗಗಳನ್ನು ಸುಮಾರು 200 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಲೆಯಲ್ಲಿ ಹಲವು ಗಂಟೆಗಳ ಕಾಲ ಇಡಬೇಕು. ಪ್ಲೇಟಿಂಗ್ ಕೆಲಸವನ್ನು ಹೊರಗೆ ಕೊಡುವ ಉದ್ಯಮಿಯು ಬೇಕಿಂಗ್ ಷರತ್ತನ್ನು ಜಾಬ್‌ವರ್ಕ್ ಆದೇಶದಲ್ಲಿಯೇ ಬರೆಯಬೇಕು. ಒಲೆಗೆ ಇಟ್ಟ ಹೊತ್ತು ಮತ್ತು ತೆಗೆದ ಹೊತ್ತಿನ ದಾಖಲೆಯನ್ನು ಕೇಳಿ ಪಡೆಯಬೇಕು. ದರ ಕಡಿಮೆಯಾಗಲೆಂದು ಕೈಬಿಡುವ ಮೊದಲ ಹಂತ ಬಹಳ ಸಲ ಇದೇ ಆಗಿರುತ್ತದೆ.

ಮುರಿದ ಮುಖವನ್ನು ಓದುವ ಕ್ರಮ

ಹಗಲು ಬೆಳಕು ಮತ್ತು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಇದ್ದರೆ ಪ್ರಾಥಮಿಕ ಪರಿಶೀಲನೆ ಸಾಧ್ಯ. ದಣಿವಿನ ಮುರಿತದಲ್ಲಿ ನುಣುಪಾದ ಒಂದು ಭಾಗವೂ ಒರಟಾದ ಇನ್ನೊಂದು ಭಾಗವೂ ಕಾಣುತ್ತವೆ. ಕೆರೆಯ ನೀರು ಇಳಿದಂತೆಲ್ಲ ದಂಡೆಯಲ್ಲಿ ಉಳಿಯುವ ಗೆರೆಗಳಂತೆ, ನುಣುಪು ಭಾಗದಲ್ಲಿ ಬಾಗಿದ ಗೆರೆಗಳಿರುವುದುಂಟು. ಆ ಗೆರೆಗಳು ಸುತ್ತುವರಿದಿರುವ ಬಿಂದುವೇ ಬಿರುಕಿನ ಆರಂಭ. ಕೊನೆಗೆ ಒಮ್ಮೆಲೇ ಮುರಿದ ಒರಟು ಭಾಗ ಚಿಕ್ಕದಾಗಿದ್ದರೆ ಭಾರ ಅಧಿಕವಾಗಿರಲಿಲ್ಲವೆಂದು ತಿಳಿಯಬಹುದು. 'ಗಿರಾಕಿ ಮಿತಿಮೀರಿ ಭಾರ ಹಾಕಿದ್ದಾನೆ' ಎಂಬ ವಾದ ಆಗ ನಿಲ್ಲುವುದಿಲ್ಲ. ಮುರಿಯುವ ಮೊದಲು ಲೋಹ ಹಿಗ್ಗಿ ಸಣ್ಣಗಾಗಿದ್ದರೆ ಅತಿಭಾರದ ಸಂಶಯ ನ್ಯಾಯವಾದುದು. ಹಿಗ್ಗದೆ, ಹೊಳೆಯುವ ಹರಳುಗಳಂತೆ ಮುರಿದಿದ್ದರೆ ಪೆಡಸುತನವನ್ನು ಶಂಕಿಸಬೇಕು. ಜಲಜನಕದ ಮುರಿತದಲ್ಲಿ ಕಣಗಳ ಗಡಿಗುಂಟ ಲೋಹ ಬೇರ್ಪಡುವುದರಿಂದ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅದು ಕಲ್ಲುಸಕ್ಕರೆಯ ರಾಶಿಯಂತೆ ತೋರುತ್ತದೆ.

ಸಾಕ್ಷ್ಯ ನಾಶವಾಗದಂತೆ ನೋಡಿಕೊಳ್ಳುವುದು ಅತ್ಯವಶ್ಯ. ಎರಡು ತುಂಡುಗಳನ್ನು ಮತ್ತೆ ಜೋಡಿಸಿ ನೋಡಬಾರದು, ತಂತಿ ಬ್ರಷ್ಷಿನಿಂದ ಉಜ್ಜಬಾರದು, ಆಮ್ಲದಲ್ಲಿ ತೊಳೆಯಬಾರದು. ಮೊದಲು ಛಾಯಾಚಿತ್ರ ತೆಗೆದು, ತೇವ ತಾಗದಂತೆ ಸುತ್ತಿ, ಭಾಗದ ಹೆಸರು, ಯಂತ್ರ, ದಿನಾಂಕ ಹಾಗೂ ಓಡಿದ ಅವಧಿಯನ್ನು ಬರೆದಿಡಬೇಕು. ದೊಡ್ಡ ಮೊತ್ತದ ಅಥವಾ ಜೀವಾಪಾಯದ ಪ್ರಕರಣಗಳಲ್ಲಿ ಮಾನ್ಯತೆ ಪಡೆದ ಪ್ರಯೋಗಾಲಯದ ವರದಿಯೇ ಸರಿ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯಗಳಲ್ಲಿ ಲೋಹಭಂಗದ ವಿಶ್ಲೇಷಣೆ ದಶಕಗಳಿಂದ ನಡೆದುಬಂದಿದೆ. ಪರಿಣತರನ್ನು ಹುಡುಕಿ ರಾಜ್ಯದ ಉದ್ಯಮಿಗಳು ದೂರ ಹೋಗಬೇಕಾಗಿಲ್ಲ.

ತಡೆಯುವ ವೆಚ್ಚ, ಮುರಿತದ ವೆಚ್ಚ

ಉದಾಹರಣೆಗೆ, 1,200 ರೂ. ಬೆಲೆಯ ಶಾಫ್ಟ್ ಒಂದು ಮುರಿಯಿತೆಂದಿಟ್ಟುಕೊಂಡರೆ, ಪುಸ್ತಕದಲ್ಲಿ ಕಾಣುವ ನಷ್ಟ ಅಷ್ಟೇ. ಬದಲಿ ಶಾಫ್ಟಿನ ಸಾಗಣೆ ಮತ್ತು ತಂತ್ರಜ್ಞನ ಪ್ರಯಾಣಕ್ಕೆ 3,000 ರೂ., ಗಿರಾಕಿಯ ಯಂತ್ರ ನಿಂತದ್ದಕ್ಕೆ 15,000 ರೂ.ಗಳ ಡೆಬಿಟ್ ನೋಟ್ ಸೇರಿದರೆ ನಿಜವಾದ ನಷ್ಟ 19,200 ರೂ. ಇವು ಬೇರೆ ಬೇರೆ ಖಾತೆಗಳಲ್ಲಿ ಹಂಚಿಹೋಗುವುದರಿಂದ ಒಟ್ಟು ಮೊತ್ತ ಮಾಲೀಕನ ಕಣ್ಣಿಗೆ ಬೀಳುವುದೇ ಇಲ್ಲ. ಅದೇ ಶಾಫ್ಟಿನ ಮೆಟ್ಟಿಲಿನ ಮೂಲೆಯನ್ನು ಚೂಪಾಗಿ ಬಿಡದೆ ದುಂಡಗೆ ಮಾಡಲು ತಗಲುವ ಹೆಚ್ಚುವರಿ ವೆಚ್ಚ ಅತ್ಯಲ್ಪ. 'ಮುರಿತ ಮತ್ತು ವಾಪಸಾತಿ' ಎಂಬ ಪ್ರತ್ಯೇಕ ಖಾತೆಯನ್ನು ತೆರೆದರೆ ಯಾವ ಭಾಗ ಎಷ್ಟು ನುಂಗುತ್ತಿದೆಯೆಂಬುದು ವರ್ಷಾಂತ್ಯದಲ್ಲಿ ಸ್ಪಷ್ಟವಾಗುತ್ತದೆ.

ಆ ಖಾತೆಗೆ ತೆರಿಗೆಯ ದೃಷ್ಟಿಯಿಂದಲೂ ಮಹತ್ವವಿದೆ. ವಾಲ್ವ್ ಚಾಲಕಗಳನ್ನು ತಯಾರಿಸುವ ರೋಟಾರ್ಕ್ ಕಂಟ್ರೋಲ್ಸ್ ಇಂಡಿಯಾ ಸಂಸ್ಥೆಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ, ಹಿಂದಿನ ಅನುಭವದ ಆಧಾರದ ಮೇಲೆ ವಿಶ್ವಾಸಾರ್ಹವಾಗಿ ಅಂದಾಜಿಸಿದ ವಾರಂಟಿ ಅವಕಾಶವನ್ನು ವೆಚ್ಚವಾಗಿ ಕಳೆಯಬಹುದೆಂದು ತೀರ್ಪಿತ್ತಿತು. ತರುವಾಯ 2017–18ರ ತೆರಿಗೆ ನಿರ್ಧರಣಾ ವರ್ಷದಿಂದ ಅನ್ವಯವಾದ ಆದಾಯ ಗಣನೆಯ ಮಾನದಂಡಗಳು ಇಂತಹ ಹೊಣೆ 'ಸಮಂಜಸವಾಗಿ ಖಚಿತ'ವಾಗಿರಬೇಕೆಂದು ಇನ್ನಷ್ಟು ಬಿಗಿಗೊಳಿಸಿದವು. ಮುರಿತಗಳ ಕ್ರಮಬದ್ಧ ದಾಖಲೆ ಇಲ್ಲದವನಿಗೆ ಅಂತಹ ಅಂದಾಜನ್ನು ಸಮರ್ಥಿಸಿಕೊಳ್ಳುವುದು ಕಠಿಣ.

ವರ್ತಕರ ಹೊಣೆ

ಬೋಲ್ಟಿನ ತಲೆಯ ಮೇಲಿನ 8.8 ಎಂಬ ಗುರುತು ಅಲಂಕಾರಕ್ಕಾಗಿ ಇರುವುದಲ್ಲ. ಅದರ ಎಳೆತದ ಸಾಮರ್ಥ್ಯ ಚದರ ಮಿ.ಮೀ.ಗೆ 800 ನ್ಯೂಟನ್, ಅದರ ಶೇಕಡ 80ರಷ್ಟು, ಅಂದರೆ 640 ನ್ಯೂಟನ್ ಒತ್ತಡದವರೆಗೆ ಅದು ಶಾಶ್ವತವಾಗಿ ಹಿಗ್ಗದು ಎಂಬ ಲಿಖಿತ ವಚನ ಅದು. 1980ರ ದಶಕದಲ್ಲಿ ಅಮೆರಿಕದಲ್ಲಿ ಕಡಿಮೆ ಇಂಗಾಲದ ಬೋರಾನ್ ಉಕ್ಕಿನ ಬೋಲ್ಟುಗಳು ಮೇಲ್ದರ್ಜೆಯ ಗುರುತಿನೊಡನೆ ಮಾರಾಟವಾದವು. ಶಾಖ ಹೆಚ್ಚಿದಾಗ ಅವು ಬೇಗ ಸತ್ವ ಕಳೆದುಕೊಳ್ಳುತ್ತಿದ್ದವು. ತತ್ಪರಿಣಾಮವಾಗಿ 1990ರಲ್ಲಿ ಬೋಲ್ಟುಗಳ ಗುಣಮಟ್ಟಕ್ಕೆಂದೇ ಅಲ್ಲಿ ಪ್ರತ್ಯೇಕ ಕಾನೂನು ಬಂದಿತು.

ಭಾರತದಲ್ಲಿ 2020ರ ಜುಲೈನಿಂದ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಅಧಿನಿಯಮ 2019, ದೋಷಯುಕ್ತ ಉತ್ಪನ್ನದಿಂದ ಗ್ರಾಹಕನಿಗಾಗುವ ಹಾನಿಗೆ ತಯಾರಕನನ್ನು ಹೊಣೆಗಾರನನ್ನಾಗಿಸಿದೆ. ತಯಾರಕ ಯಾರೆಂದು ತಿಳಿಯದಿದ್ದಲ್ಲಿ ಆ ಹೊಣೆ ಮಾರಿದವನ ಮೇಲೆ ಬೀಳಬಹುದು. ಆದುದರಿಂದ ಪರೀಕ್ಷಾ ಪ್ರಮಾಣಪತ್ರ, ಹೀಟ್ ನಂಬರ್ ಮತ್ತು ಲಾಟ್ ನಂಬರನ್ನು ಖರೀದಿ ಬಿಲ್ಲಿನೊಡನೆ ಇಟ್ಟುಕೊಳ್ಳುವುದು, ಬೇರೆ ಬೇರೆ ಲಾಟುಗಳನ್ನು ಒಂದೇ ಪೆಟ್ಟಿಗೆಯಲ್ಲಿ ಬೆರೆಸದಿರುವುದು ವರ್ತಕರಿಗೆ ಕ್ಷೇಮಕರ. ಲಾಟ್ ತಿಳಿದಿದ್ದರೆ ದೋಷ ಕಂಡಾಗ ಹಿಂತೆಗೆದುಕೊಳ್ಳಬೇಕಾದುದು ಒಂದು ಪೆಟ್ಟಿಗೆ. ತಿಳಿಯದಿದ್ದರೆ ಇಡೀ ದಾಸ್ತಾನು.

ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ಲೋಹಭಂಗದ ವಿಷಯದಲ್ಲಿ ಅರ್ಧ ಮಾತ್ರ ಸತ್ಯ. ಇಲ್ಲಿ ಮೊದಲ ಮುರಿತದ ನಂತರ ಬಾಗಿಲು ಹಾಕಿದರೂ ಪ್ರಯೋಜನವುಂಟು, ಏಕೆಂದರೆ ಅದೇ ಲಾಟಿನ, ಅದೇ ವಿನ್ಯಾಸದ ನೂರಾರು ಭಾಗಗಳು ಗಿರಾಕಿಗಳ ಯಂತ್ರಗಳಲ್ಲಿ ಇನ್ನೂ ತಿರುಗುತ್ತಿರುತ್ತವೆ. ಅವುಗಳ ಸ್ಥಿತಿಯ ಬಗ್ಗೆ ಉದ್ಯಮಿಗೆ ಉಚಿತವಾಗಿ ಬಂದ ಮುನ್ಸೂಚನೆ ಆ ಒಂದು ಮುರಿದ ತುಂಡು. ಅದನ್ನು ಗುಜರಿಗೆ ಹಾಕುವ ಮುನ್ನ ಹತ್ತು ನಿಮಿಷ ಪರಿಶೀಲಿಸುವ ಪದ್ಧತಿಯನ್ನು ಪ್ರತಿಯೊಂದು ಕಾರ್ಖಾನೆಯೂ ರೂಢಿಸಿಕೊಳ್ಳುವುದು ಲೇಸು.